ಬಲಗಡೆಯ ಬೆಕ್ಕು

ನೀಲಗಂಗಮ್ಮ ಯಾರನ್ನೂ ನಂಬುವವಳಲ್ಲ. ಇದನ್ನು ಎಚ್ಚರಿಕೆ ಎಂದು ಕರೆದು ಹೊಗಳುವವರಿದ್ದಾರೆ. ಎಚ್ಚರಿಕೆ ಬೇರೆ. ಎದುರಿಗಿರುವ ಮನುಷ್ಯ ಬಾಯಿ ತೆರೆಯುವ ಮೊದಲೇ ಅವನು ಹೇಳುವುದರಲ್ಲಿ ಅರ್ಧ ಸುಳ್ಳು ಎಂದು ತೀರ್ಮಾನಿಸುವ ಸ್ವಭಾವ ಅವಳದು. ಅದರಿಂದ ಮನೆಯವರಿಗಾಗಲಿ ನೆರೆಯವರಿಗಾಗಲಿ ಸುಖವಿರಲಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಸೀರೆ ಕೊಳ್ಳಲು ಹೋದರೆ ಅಂಗಡಿಯವನ ಮಾತು ಬಿಟ್ಟು, ಸೀರೆಯನ್ನು ಬೀದಿಗೆ ತಂದು ಬಿಸಿಲಿಗೆ ಹಿಡಿದು ಬಣ್ಣ ನೋಡುವಳು. ಹಾಲಿನವನ ಎದುರೇ ಹಾಲಿಗೆ ಬೆರಳು ಅದ್ದುವಳು. ಬಸ್ಸು ಹತ್ತಿದರೆ ಡ್ರೈವರನ ಹಿಂದಿನ ಸೀಟೇ ಆಗಬೇಕು. ಅಲ್ಲಿ ಕೂತು ಊರು ಮುಟ್ಟುವವರೆಗೆ ರಸ್ತೆಯನ್ನು ತಾನೇ ಕಾಯುವಳು. ಓಡುವ ಗಾಡಿಯಲ್ಲಿ ಅವಳು ಕಣ್ಣು ಮುಚ್ಚಿದ್ದನ್ನು ಗಂಡ ಮಹಾದೇವಪ್ಪ ಮದುವೆಯಾದಾಗಿನಿಂದ ಕಂಡಿಲ್ಲ.

"ಡ್ರೈವರಗ ಪಗಾರ ಕೊಡೂದು ಸುಮ್ನೆ," ಎನ್ನುವನು ಮಹಾದೇವಪ್ಪ. ನಂದೂರಿನ ಬೇಳೆ ಮಿಲ್ಲಿನಲ್ಲಿ ದುಡಿದು ಈಗ ಮನೆಯಲ್ಲಿರುವ ಅವನಿಗೆ ಹೆಂಡತಿಯನ್ನು ಕೆಣಕುವುದೇ ಉದ್ಯೋಗ. "ಗಾಡಿ ಇಕಿ ಕಣ್ಣಿನ ಮ್ಯಾಲೇ ಓಡ್ತದ. ನಾಳಿ ನಾ ಸತ್ರೂ ಇಕಿ ನಂಬಂಗಿಲ್ಲ. ಕಣ್ಣಾಗ ಬ್ಯಾಟರಿ ಬಿಟ್ಟು ನೋಡ್ತಾಳ."

"ನೋಡ್ಲೇಬೇಕಲ್ಲ. ಸಂತಿಗಿ ಹೋಗೂದು ತಪ್ಪಿಸ್ಕೊಳ್ಳಾಕ ನೀವು ಏನ್ ಬೇಕಾದ್ದು ಮಾಡ್ತೀರಿ."

ಬ್ಯಾಟರಿ ಅವಳ ಕಸುಬಿನದು. ಶರಣಬಸವೇಶ್ವರ ಗುಡಿಯಿಂದ ಸ್ವಲ್ಪ ದೂರದ ಒಂದು ಖಾಸಗಿ ಕಣ್ಣಿನ ಆಸ್ಪತ್ರೆಯಲ್ಲಿ ಅವಳು ದೃಷ್ಟಿ ಪರೀಕ್ಷೆ ಮಾಡುತ್ತಾಳೆ. ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ತೆಗೆಸಿ ಹೊಸ ಲೆನ್ಸ್ ಹಾಕಿಸಿಕೊಂಡವರು ಮರುಪರೀಕ್ಷೆಗೆ ಬಂದಾಗ ಮೊದಲು ಅವಳ ಕೋಣೆಗೇ ಬರಬೇಕು. ಎಷ್ಟು ಕಾಣುತ್ತದೆ ಎಂದು ಅಳೆಯುವುದು ಸುಲಭ. ಗೋಡೆಯ ಮೇಲಿನ ಅಕ್ಷರ ಓದಿಸಿದರೆ ಆಯಿತು. ಕಾಣಬಾರದ್ದು ಏನಾದರೂ ಕಾಣುತ್ತಿದೆಯೇ ಎಂದು ತಿಳಿಯುವುದು ಕಷ್ಟ. ದೀಪದ ಸುತ್ತ ಬಳೆ, ಬೆಳಕಿನ ಗೆರೆ, ಕಣ್ಣಂಚಿನಲ್ಲಿ ಮಿಂಚು, ನೆರಳು: ಲೆನ್ಸ್ ಸರಿಯಾಗಿ ಕೂತಿದ್ದರೂ ಕೆಲವರಿಗೆ ಇವು ಬರುತ್ತವೆ. ಯಂತ್ರ ಇವನ್ನು ಹಿಡಿಯುವುದಿಲ್ಲ. ರೋಗಿಯೇ ಬಾಯಿ ಬಿಡಬೇಕು.

ಈ ಸೀಮೆಯ ಜನ ಬಾಯಿ ಬಿಡುವುದಿಲ್ಲ. ಹೇಗಿದೆ ಕಣ್ಣು ಎಂದು ಕೇಳಿದರೆ "ಆರಾಮ ಅದರಿ" ಎನ್ನುತ್ತಾರೆ. ಕಣ್ಣಿಗೆ ಕೈ ಹಾಕಿ ಬೆಳಕು ಕೊಟ್ಟ ಡಾಕ್ಟರ ಎದುರು ಕೊರತೆ ಹೇಳುವುದು, ಊಟ ಹಾಕಿದವರಿಗೆ ಸಾರಿನಲ್ಲಿ ಉಪ್ಪಿಲ್ಲ ಎಂದಷ್ಟೇ ಅಸಭ್ಯ ಎಂದು ಅವರ ಲೆಕ್ಕ. ಆಸ್ಪತ್ರೆಯ ಡಾಕ್ಟರ್ ಸುನಂದಾ ಇದಕ್ಕೆಂದೇ ಒಂದು ಚಿತ್ರಗಳ ಕಟ್ಟು ತರಿಸಿದ್ದರು. ಒಂದೇ ರಸ್ತೆಯ ಸಂಜೆಯ ಚಿತ್ರ. ಒಂದರಲ್ಲಿ ದೀಪಗಳಿಗೆ ಬಳೆ, ಇನ್ನೊಂದರಲ್ಲಿ ಗೆರೆ, ಮತ್ತೊಂದರಲ್ಲಿ ಬದಿಗೆ ಕತ್ತಲೆ. ತನಗೆ ಕಾಣುವಂಥದನ್ನು ರೋಗಿ ಬೆರಳಿಟ್ಟು ತೋರಿಸಬೇಕು. ಹಣಮಮ್ಮ ಎಂಬ ಮುದುಕಿ ಚಿತ್ರಗಳನ್ನೆಲ್ಲ ಸೀರೆ ಆರಿಸುವಂತೆ ತಿರುವಿಹಾಕಿ, ದೀಪಗಳೆಲ್ಲ ಸಿಡಿದಂತಿದ್ದ ಒಂದನ್ನು ಎತ್ತಿಕೊಂಡಳು.

"ಇದು ಛಂದ ಅದ ನೋಡು ಯವ್ವಾ."

"ನಿಮಗ ದೀಪ ಹಿಂಗ ಕಾಣಸ್ತಾವೇನು?"

"ನನಗೆಲ್ಲಿಂದ ಕಾಣಬೇಕು, ಅಷ್ಟು ಪುಣ್ಯ ಎಲ್ಲದ! ದೀಪಾವಳಿ ಆದಂಗ ಅದ. ಇದನ್ನೇ ಹಾಕ್ರಿ ನನ್ನ ಇನ್ನೊಂದು ಕಣ್ಣಿಗಿ."

ಅಂದಿನಿಂದ ಚಿತ್ರಗಳು ಕಪಾಟು ಸೇರಿದವು. ನೀಲಗಂಗಮ್ಮ ತನ್ನದೇ ಪ್ರಶ್ನೆ ಕೇಳತೊಡಗಿದಳು. ಎದುರಿನ ಗಾಡಿಯ ದೀಪಕ್ಕೆ ಮೀಸೆ ಮೂಡುತ್ತವೆಯೇ? ಒಲೆಯ ಮುಂದೆ ಕೂತಾಗ ಬದಿಗೆ ಯಾರೋ ಬಂದು ನಿಂತಂತಾಗುತ್ತದೆಯೇ? ಒಂದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳಿ, ಉತ್ತರ ಹೊಂದದಿದ್ದರೆ ಗದರುವಳು. ರೋಗಿಗಳು ಆ ಕೋಣೆಗೆ ಠಾಣೆ ಎಂದು ಹೆಸರಿಟ್ಟಿದ್ದರು.

ಆ ಠಾಣೆಗೆ ಕಮಲಾಪುರದ ಅಲ್ಲಾವುದ್ದೀನ್ ಬಂದ. ಬಾಳೆಹಣ್ಣಿನ ವ್ಯಾಪಾರಿ ಮಲ್ಲಣ್ಣನ ಗಾಡಿಯ ಡ್ರೈವರ್. ಜನ ಛೋಟಾ ಹಾತಿ ಎನ್ನುವ ಆ ಸಣ್ಣ ಸರಕಿನ ಗಾಡಿಯಲ್ಲಿ ಕಮಲಾಪುರದ ಕೆಂಪು ಬಾಳೆಯ ಗೊನೆಗಳನ್ನು ಹೇರಿಕೊಂಡು ಕಲಬುರಗಿಗೆ ತರುವುದು ಅವನ ಕೆಲಸ. ಬಲಗಣ್ಣಿನ ಮೋತಿಬಿಂದು ತೆಗೆದು ಕೆಲವು ವಾರಗಳಾಗಿದ್ದವು. ಗೋಡೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ತಡವರಿಸದೆ ಓದಿದ.

"ಆರಾಮ ಅದರಿ ಮೇಡಂ. ಇರಿವಿ ಹೋದ್ರೂ ಕಾಣಸ್ತದ."

"ದೀಪಕ್ಕ ಮೀಸಿ ಬರ್ತಾವೇನು?"

"ನನಗೇ ಮೀಸಿ ಸರಿಯಾಗಿ ಬರಲಿಲ್ರಿ, ದೀಪಕ್ಕೆಲ್ಲಿಂದ ಬರಬೇಕು!"

"ನಗಬ್ಯಾಡ್ರಿ. ಬಾಜೂಕ ನೆರಳು..."

"ಇಲ್ರಿ," ಎಂದ, ಪ್ರಶ್ನೆ ಮುಗಿಯುವ ಮೊದಲೇ.

ನೀಲಗಂಗಮ್ಮ ತಲೆಯೆತ್ತಿ ಅವನ ಮುಖ ನೋಡಿದಳು. ಕಣ್ಣಿಗೆ ಔಷಧಿ ಹನಿ ಹಾಕಿ ಪಾಪೆ ಅಗಲವಾದ ಮೇಲೆ ಡಾಕ್ಟರು ಒಳಗಿನ ಪರದೆಯನ್ನು ನೋಡುವುದು ಆ ದಿನ ಬಾಕಿ ಇತ್ತು. ಹನಿ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜಾಗುತ್ತದೆ. ಗಾಡಿ ವಾಪಸ್ಸು ಒಯ್ಯಬೇಕು, ಶನಿವಾರ ಖಂಡಿತ ಬರುತ್ತೇನೆ ಎಂದು ಅವನು ಕೈ ಮುಗಿದ. ಸುನಂದಾ ಆಗ ಆಪರೇಷನ್ ಕೋಣೆಯಲ್ಲಿದ್ದರು. ಅಕ್ಷರವೆಲ್ಲ ಓದಿದವನನ್ನು ಹಿಡಿದು ನಿಲ್ಲಿಸಲು ಕಾರಣವಿರಲಿಲ್ಲ. ಬಿಟ್ಟಳು.

ಬಿಟ್ಟ ಮೇಲೆ ಕಿಟಕಿಗೆ ಹೋಗಿ ನಿಂತಳು. ಗಾಡಿ ಗೇಟಿನಿಂದ ರಸ್ತೆಗೆ ಇಳಿಯಿತು. ಬಲಗಡೆ ಯಾರೂ ಇರಲಿಲ್ಲ. ಅಲ್ಲಾವುದ್ದೀನ್ ಮಾತ್ರ ಯಾರೋ ಮೈಮೇಲೆ ನುಗ್ಗಿ ಬಂದಂತೆ ಬಲಕ್ಕೆ ಕತ್ತು ತಿರುವಿ, ಗಾಡಿಯನ್ನು ಎಡಕ್ಕೆ ಎಳೆದ. ಮುಂದಿನ ಗಾಲಿ ಫುಟ್‌ಪಾತಿನ ಮೇಲೆ ಹತ್ತಿತು.

"ಏ ಚಾಚಾ!" ಎಂದು ಅಲ್ಲೇ ನಿಂತಿದ್ದ ಕಬ್ಬಿನ ಹಾಲಿನವನು ಕೂಗಿದ. "ಗಾಡಿಗೂ ಒಂದು ಗ್ಲಾಸ್ ಕೊಡ್ಲೇನು?"

ಅಲ್ಲಾವುದ್ದೀನ್ ಕೈಯೆತ್ತಿ ತಪ್ಪಾಯಿತೆಂದು ಸನ್ನೆ ಮಾಡಿ ಹೊರಟುಹೋದ.

ಕಣ್ಣಂಚಿನಲ್ಲಿ ನೆರಳು ಬಂದಿದ್ದರೆ ಎರಡು ಕಾರಣವಿರಬಹುದು. ಲೆನ್ಸಿನ ಅಂಚಿನಿಂದ ಬೀಳುವ ನೆರಳಾದರೆ ಕಿರಿಕಿರಿ, ಅಪಾಯವಿಲ್ಲ. ಕಣ್ಣಿನ ಹಿಂದಿನ ಪರದೆ ಹರಿದು ಏಳುತ್ತಿದ್ದರೆ ಕೆಲವೇ ದಿನಗಳಲ್ಲಿ ಕಣ್ಣು ಹೋಗುತ್ತದೆ. ಹೊರಗಿನಿಂದ ನೋಡಿ ಯಾವುದೆಂದು ಹೇಳಲಾಗದು. ಆಪರೇಷನ್ ಮುಗಿಸಿ ಬಂದ ಸುನಂದಾರಿಗೆ ನೀಲಗಂಗಮ್ಮ ಕಂಡದ್ದನ್ನೆಲ್ಲ ಹೇಳಿದಳು.

"ಲೆನ್ಸಿನ ನೆರಳೇ ಇರಬೇಕು," ಎಂದರು ಸುನಂದಾ. "ಆದ್ರ ಪರದಾ ನೋಡದ ಹೇಳಾಕ ಬರಂಗಿಲ್ಲ. ಶನಿವಾರ ತನಕ ಬ್ಯಾಡ, ಕೂಡಲೇ ಕರಸ್ರಿ."

"ಪರದಾನೇ ಹರದದರಿ ಡಾಕ್ಟರ್."

"ನೋಡದ ಹೆಂಗ ಹೇಳ್ತೀರಿ?"

"ಇಲ್ಲ ಅಂದನಲ್ರಿ, ಅದಕ್ಕ."

ಇದು ತರ್ಕವಲ್ಲ. ಸುನಂದಾ ಅದನ್ನು ಎತ್ತಿ ತೋರಿಸದೆ ಫೋನಿನ ಕಡೆ ಕೈ ಮಾಡಿದರು.

ಫೋನು ತೆಗೆದವಳು ಅಲ್ಲಾವುದ್ದೀನನ ಹೆಂಡತಿ ದಿಲ್ಶಾದ್ ಬೇಗಂ. ಫೋನು ಮನೆಯಲ್ಲೇ ಬಿಟ್ಟು ಹೋಗಿದ್ದಾರೆ, ಕಣ್ಣು ಆರಾಮ ಅದ, ಎಂದಳು.

"ಮನ್ಯಾಗ ಮೊದಲಿನಂಗೇ ಇರ್ತಾರೇನಮ್ಮಾ? ಏನರೆ ಬ್ಯಾರೆ ಮಾಡ್ತಾರೇನು?"

"ಬ್ಯಾರೆ ಏನಿಲ್ರಿ ಅಕ್ಕಾ. ಬೆಕ್ಕಿನ ಕಾಟ ಅಷ್ಟೇ. ದಸ್ತರ್‌ಖಾನ್ ಹಾಸಿ ಊಟಕ್ಕ ಕೂತ್ರ ಬಲಗಡಿ ಬೆಕ್ಕ ಬಂತು ಅಂತ ಹುಶ್ ಹುಶ್ ಅಂತಿದ್ರು. ಈಗ ನಾಕ ದಿನ ಆಯ್ತು, ಅದನ್ನೂ ಬಿಟ್ಟಾರ."

"ಬೆಕ್ಕು ಸಾಕೀರೇನು?"

"ಇಲ್ರಿ. ನಮ್ಮ ಗಲ್ಲಿನ್ಯಾಗೇ ಬೆಕ್ಕಿಲ್ಲ." ಹೇಳುತ್ತ ಹೇಳುತ್ತ ಅವಳ ದನಿ ನಿಂತಿತು. "ಯಾಕ್ರಿ ಅಕ್ಕಾ?"

ಆ ಸಂಜೆ ನೀಲಗಂಗಮ್ಮ ಕೂತಲ್ಲಿ ಕೂರಲಿಲ್ಲ. ತೊಳೆದ ಪಾತ್ರೆಯನ್ನು ಮತ್ತೆ ತೊಳೆದಳು. ಬಾಗಿಲವರೆಗೆ ಹೋಗಿ ಬಂದಳು. ಜೋಳದ ಹಿಟ್ಟು ನಾದಲು ಕೂತು, ರೊಟ್ಟಿ ಬಡಿಯುವುದನ್ನು ಬಿಟ್ಟು ಮತ್ತೆ ಫೋನು ಹಚ್ಚಿದಳು. ಈ ಸಲ ಅಲ್ಲಾವುದ್ದೀನನೇ ಸಿಕ್ಕ. "ಶನಿವಾರ ಬರ್ತೇನ್ರಿ ಮೇಡಂ, ನಾಳಿ ಲೋಡ್ ಅದ," ಎಂದು ಮೆತ್ತಗೆ ಹೇಳಿ ಇಟ್ಟುಬಿಟ್ಟ. ಅವಳ ಕಣ್ಣ ಮುಂದೆ ಕಮಲಾಪುರದಿಂದ ಬರುವ ಹುಮನಾಬಾದ ರಸ್ತೆಯೇ ಇತ್ತು: ಲಾರಿಗಳು, ಬಲಗಡೆಯಿಂದ ನುಗ್ಗುವ ಬಸ್ಸುಗಳು, ನಡುವೆ ಆ ಸಣ್ಣ ಗಾಡಿ.

"ಕೂಡು ಸ್ವಲ್ಪ," ಎಂದ ಮಹಾದೇವಪ್ಪ. "ಅವನೇ ಬರ್ತೇನಿ ಅಂದಾನಲ್ಲ."

"ಅಂದಾನ. ಆರಾಮ ಅದ ಅಂತೂ ಅಂದಾನ."

ಬೆಳಗಾದ ಮೇಲೆ ಆಸ್ಪತ್ರೆಗೆ ಒಂದು ಮಾತು ಹೇಳಿ ಕಮಲಾಪುರದ ಬಸ್ಸು ಹತ್ತಿದಳು. ಡ್ರೈವರನ ಹಿಂದೆಯೇ ಕೂತಳು. ಡ್ರೈವರ್ ಕನ್ನಡಿಯಲ್ಲಿ ಎರಡು ಸಲ ಅವಳನ್ನು ನೋಡಿ, ಮೂರನೆಯ ಸಲ ಕೇಳಿಯೇಬಿಟ್ಟ: "ಏನ್ ಅಕ್ಕೋರೆ, ನೀವೇ ಹೊಡೀತೀರೇನು?"

ಮಲ್ಲಣ್ಣನ ಹಣ್ಣಿನ ಗೋದಾಮು ರಸ್ತೆಯ ಬದಿಗೇ ಇತ್ತು. ಒಣ ಬಾಳೆಲೆ ಹಾಸಿದ ಗಾಡಿಗೆ ಗೊನೆಗಳು ಏರುತ್ತಿದ್ದವು. ಅಲ್ಲಾವುದ್ದೀನ್ ಹಿಂಬದಿಯಲ್ಲಿ ನಿಂತು ಹಗ್ಗ ಬಿಗಿಯುತ್ತಿದ್ದ. ನೀಲಗಂಗಮ್ಮ ಕರೆಯಲಿಲ್ಲ. ಸದ್ದಿಲ್ಲದೆ ಹೋಗಿ ಅವನ ಬಲಗಡೆ, ಕೈಯಳತೆಯಲ್ಲಿ ನಿಂತಳು.

ಅವನು ತಿರುಗಲಿಲ್ಲ. ಹಗ್ಗ ಬಿಗಿದು ಗಂಟು ಹಾಕಿದ, ಮತ್ತೊಂದು ಹಗ್ಗ ಎತ್ತಿಕೊಂಡ. ಅವಳ ಸೀರೆ ಗಾಳಿಗೆ ಪಟಪಟ ಎನ್ನುತ್ತಿತ್ತು. ಆಗಲೂ ತಿರುಗಲಿಲ್ಲ. ಕೊನೆಗೆ ಅವಳೇ ಕೆಮ್ಮಿದಳು. ಅವನು ಬೆಚ್ಚಿ ಹಗ್ಗ ಕೈಬಿಟ್ಟ.

"ಯಾ ಅಲ್ಲಾ! ಮೇಡಂ, ನೀವೇನ್ರಿ! ನಾ ಬೆಕ್ಕು ಅಂದ್ಕೊಂಡೆ."

"ಇಲ್ಲದ ಬೆಕ್ಕು ಅಂದ್ಕೊಂಡು ನೋಡ್ಲಿಲ್ಲ?"

ಅವನು ಹಣೆ ಒರೆಸಿಕೊಂಡ. "ಮೊದಲ ಮೊದಲ ತಿರುಗಿ ನೋಡ್ತಿದ್ದೆರಿ. ಮನ್ಯಾಗ ನಗಾಕ ಹತ್ತಿದ್ರು. ಬಂದ್ರ ಬರ್ಲಿ ಅಂತ ಈಗ ಬಿಟ್ಟೀನಿ. ಗಾಡ್ಯಾಗ ಕೂತಾಗ ಮಾತ್ರ ಒಮ್ಮೊಮ್ಮೆ ತಡಿಯಂಗಿಲ್ಲ."

"ಬಲಗಡಿ ಬಂದಾಕಿ ನಾನು. ನಾ ಲಾರಿ ಆಗಿದ್ರ?"

ಅವನು ಬಿದ್ದ ಹಗ್ಗವನ್ನು ಎತ್ತಿಕೊಂಡ. ಗಾಡಿಯ ಅಂಚಿಗೆ ಒರಗಿ ಎಲ್ಲ ಹೇಳಿದ. ಬಲಗಣ್ಣಿನ ಹೊರ ಅಂಚಿನಲ್ಲಿ ಕತ್ತಲೆ, ಅರ್ಧಚಂದ್ರದ ಹಾಗೆ. ಬಿಸಿಲು ಬದಿಯಿಂದ ಬಿದ್ದರೆ ಹೆಚ್ಚು. ಕಣ್ಣಿನ ಪಟ್ಟಿ ಬಿಚ್ಚಿದ ದಿನದಿಂದಲೂ ಇದೆ.

"ಮತ್ತ ಹೇಳಾಕ ಏನಾಗಿತ್ತು?"

"ಹೆಂಗ್ ಹೇಳ್ಲಿರಿ? ಸುನಂದಾ ಮೇಡಂ ನನಗ ಬೆಳಕ ಕೊಟ್ಟಾರ. ನಿಮ್ಮ ಬೆಳಕಿನ್ಯಾಗ ಕತ್ತಲ ಅದ ಅಂತ ಅವರ ಮುಂದ ನಿಂತು ಅನ್ಲೇನು? ಬೇಅದಬಿ ಆಗಂಗಿಲ್ಲೇನ್ರಿ?" ಆಮೇಲೆ ಗೋದಾಮಿನ ಕಡೆ ನೋಡಿ ದನಿ ತಗ್ಗಿಸಿದ. "ಮತ್ತ ಸಾಹುಕಾರ್ರು..."

ಸಾಹುಕಾರ ಮಲ್ಲಣ್ಣ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. "ಕಣ್ಣಾಗ ಕತ್ತಲ ಇಟ್ಕೊಂಡು ನನ್ನ ಗಾಡಿ ಹೊಡ್ಯಾಕತ್ತೀದಿ ಏನೋ! ಕೀಲಿ ಕೊಡು ಇಲ್ಲಿ."

ಅಲ್ಲಾವುದ್ದೀನ್ ಹೆದರಿದ್ದು ಇದಕ್ಕೇ. ಪ್ರಾಯದಿಂದಲೂ ಸ್ಟೇರಿಂಗ್ ಹಿಡಿದವನು. ಬೇರೆ ಕೆಲಸ ಕಲಿತಿಲ್ಲ. ಜೇಬಿನಿಂದ ಕೀಲಿ ತೆಗೆದು ಕೊಡುವಾಗ ಅವನು ಮಲ್ಲಣ್ಣನ ಮುಖವನ್ನೂ ನೋಡಲಿಲ್ಲ, ನೀಲಗಂಗಮ್ಮನ ಮುಖವನ್ನೂ ನೋಡಲಿಲ್ಲ.

ನೀಲಗಂಗಮ್ಮ ಅವನನ್ನು ಬಿಸಿಲಿಗೆ ಪಕ್ಕವಾಗಿ ನಿಲ್ಲಿಸಿ, ಬಲಗಣ್ಣಿನ ಬದಿಗೆ ತನ್ನ ಅಂಗೈಯನ್ನು ಗೋಡೆಯಂತೆ ಹಿಡಿದಳು. "ಈಗ?"

"ಸಣ್ಣದಾಯ್ತು... ಹೋಯ್ತೇ ಹೋಯ್ತರಿ!" ಅವನ ಮುಖ ಅರಳಿತು.

ಬದಿಯ ಬೆಳಕು ತಡೆದರೆ ನೆರಳು ಹೋಗುವುದು ಲೆನ್ಸಿನ ನೆರಳಿನ ಲಕ್ಷಣ. ಅದು ಅವಳಿಗೆ ಗೊತ್ತಿತ್ತು. ಆದರೆ ತಾನೇ ಮಾಡಿದ ಪರೀಕ್ಷೆಯನ್ನೂ ಅವಳು ನಂಬಲಿಲ್ಲ. "ಖುಷಿ ಆಗಬ್ಯಾಡ್ರಿ. ಪರದಾ ನೋಡೂ ತನಕ ಇದು ಏನೂ ಅಲ್ಲ. ನಡೀರಿ."

ಬಸ್ಸಿನಲ್ಲಿ ಇಬ್ಬರೂ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತರು. ಅಲ್ಲಾವುದ್ದೀನನಿಗೆ ಬೇರೆಯವರು ಹೊಡೆಯುವ ಗಾಡಿಯಲ್ಲಿ ಕೂತು ಅಭ್ಯಾಸವಿರಲಿಲ್ಲ. ಪ್ರತಿ ತಿರುವಿಗೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ನೀಲಗಂಗಮ್ಮ ಮುಂದಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಒಂದು ಕಣ್ಣು ಅವಳದು ರಸ್ತೆಯ ಮೇಲೆ, ಇನ್ನೊಂದು ಅವನ ಮೇಲೆ. "ನೆರಳು ದೊಡ್ಡದಾತೇನು?" ಎಂದು ದಾರಿಯುದ್ದಕ್ಕೂ ಕೇಳಿದಳು. ಇಲ್ಲ ಎಂದಾಗಲೆಲ್ಲ ಅವಳಿಗೆ ಇನ್ನಷ್ಟು ಭಯವಾಯಿತು.

ಹನಿ ಹಾಕಿ, ಪಾಪೆ ಅಗಲವಾಗುವವರೆಗೆ ಅವನು ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತ. ಅವಳು ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿದಳು. ಒಬ್ಬ ರೋಗಿ ಠಾಣೆಯ ಬಾಗಿಲಲ್ಲಿ ಇಣುಕಿ, ಅವಳ ಮುಖ ನೋಡಿ, ಹಿಂದೆ ಸರಿದ. ಸುನಂದಾ ಒಳಗೆ ಬಹಳ ಹೊತ್ತು ತೆಗೆದುಕೊಂಡರು. ದೀಪವನ್ನು ಮೇಲೆ ಹಿಡಿದು, ಕೆಳಗೆ ಹಿಡಿದು, ಮೂಲೆ ಮೂಲೆ ನೋಡಿದರು. ಕೊನೆಗೆ ಕುರ್ಚಿ ಹಿಂದೆ ತಳ್ಳಿದರು.

"ಪರದಾ ಗಟ್ಟಿ ಅದ. ಎಲ್ಲೂ ಹರದಿಲ್ಲ. ಇದು ಲೆನ್ಸಿನ ಅಂಚಿನ ನೆರಳು." ಆಮೇಲೆ ಅಲ್ಲಾವುದ್ದೀನನ ಕಡೆ ತಿರುಗಿದರು. "ಭಾಯಿ, ಭಾಳ ಮಂದಿಗಿ ಇದು ತಿಂಗಳ ಕಳದಂಗ ಕಡಿಮಿ ಆಗ್ತದ. ಆಗಲಿಲ್ಲಂದ್ರ ಮುಂದ ಬ್ಯಾರೆ ದಾರಿ ಅದ. ಕಿವಿಗಿ ಹೋಗೂ ಕಡ್ಡಿ ಅಗಲ ಇರೂ ಚಸ್ಮಾ ಹಾಕ್ಕೊಳ್ರಿ, ಬಾಜೂಕಿನ ಬೆಳಕು ತಡೀತದ. ನಾ ಹೇಳೂ ತನಕ ಗಾಡಿ ಮುಟ್ಟಬ್ಯಾಡ್ರಿ."

"ತಪ್ಪಾಯ್ತರಿ ಮೇಡಂ. ನಿಮ್ಮ ಕೈಗಿ ಕೆಟ್ಟ ಹೆಸರು ಬರಬಾರ್ದು ಅಂತ..."

"ನೀವು ಹೇಳದಿದ್ರ ನನಗ ಹೆಂಗ್ ತಿಳೀಬೇಕು? ನಿಮ್ಮ ಕಣ್ಣಾಗ ಕೂತು ನೋಡಾಕ ನನಗ ಬರ್ತದೇನು?" ಎಂದು ಹೇಳಿ, ನೀಲಗಂಗಮ್ಮನನ್ನು ನೋಡಿ ನಕ್ಕರು. "ಪರದಾ ಹರದದ ಅಂದಿದ್ರಿ."

"ಅಂದಿದ್ದೆ. ಹರದಿದ್ರ?" ಎಂದು ಅವಳು ಹೊರಗೆ ಹೋದಳು. ತಪ್ಪಾಯಿತೆಂದು ಒಪ್ಪಿಕೊಳ್ಳುವ ರೂಢಿ ಅವಳಿಗಿಲ್ಲ. ಸಂತೋಷಪಟ್ಟದ್ದೂ ಯಾರಿಗೂ ಕಾಣಲಿಲ್ಲ.

ಅಗಲ ಕಡ್ಡಿಯ ಚಸ್ಮಾ ಸುಲಭಕ್ಕೆ ಸಿಗಲಿಲ್ಲ. ಈಗ ಎಲ್ಲ ತಂತಿಯಂಥವೇ. ಸೂಪರ್ ಮಾರ್ಕೆಟ್ಟಿನ ಅಂಗಡಿ ಅಂಗಡಿ ಸುತ್ತಿದ ಮೇಲೆ ಒಬ್ಬ ಅಂಗಡಿಯವನು ಅಟ್ಟದಿಂದ ಧೂಳು ಹಿಡಿದ ಕರಿ ಚೌಕಟ್ಟೊಂದನ್ನು ಇಳಿಸಿಕೊಟ್ಟ. ಅಲ್ಲಾವುದ್ದೀನ್ ಹಾಕಿಕೊಂಡು ಕನ್ನಡಿ ನೋಡಿದ. "ನಮ್ಮ ಅಬ್ಬಾ ಟಾಂಗಾ ಹೊಡೀತಿದ್ರು. ಕುದುರಿ ಕಣ್ಣಿನ ಬಾಜೂಕ ಚರ್ಮದ ಪಟ್ಟಿ ಕಟ್ಟತಿದ್ರು. ಈಗ ನನಗ ಕಟ್ಯಾರ."

ಬೇಸಿಗೆ ಕಳೆಯುವವರೆಗೆ ಅವನು ಗೊನೆ ಹೊತ್ತ, ಗೊನೆ ಎಣಿಸಿದ, ಬೇರೊಬ್ಬನಿಗೆ ದಾರಿ ಹೇಳುತ್ತ ಪಕ್ಕದಲ್ಲಿ ಕೂತು ಬಂದ. ಮಲ್ಲಣ್ಣ ದಿನವೂ ಬೈದ, ಆದರೆ ಅವನ ಜಾಗಕ್ಕೆ ಯಾರನ್ನೂ ಕಾಯಂ ಮಾಡಲಿಲ್ಲ. ಪ್ರತಿ ಮರುಪರೀಕ್ಷೆಗೂ ನೀಲಗಂಗಮ್ಮ ಅವನನ್ನು ಗಂಟೆಗಟ್ಟಲೆ ಕಾಡಿದಳು. ನೆರಳು ಬರಬರುತ್ತ ಉಗುರಿನ ಅಂಚಿನಷ್ಟಾಯಿತು. ಮಳೆ ಹಿಡಿಯುವ ಹೊತ್ತಿಗೆ ಸುನಂದಾ, ಚಸ್ಮಾ ಹಾಕಿಕೊಂಡು ಹಗಲು ಹೊತ್ತಿನಲ್ಲಿ ಗಾಡಿ ಹೊಡೆಯಬಹುದು ಎಂದರು. ಬರೆದುಕೊಟ್ಟದ್ದನ್ನು ನೀಲಗಂಗಮ್ಮ ಮತ್ತೊಮ್ಮೆ ಓದಿ, "ಹಗಲು ಅಂದ್ರ ಹಗಲೇ ಮತ್ತ," ಎಂದು ಅವನ ಕೈಗಿಟ್ಟಳು.

ಈ ಪ್ರಕರಣದ ನಂತರ ಸುನಂದಾ, ಆಪರೇಷನ್ ಆದವರನ್ನು ಅವರವರ ಊರಿನಲ್ಲೇ ಮರುಪರೀಕ್ಷೆ ಮಾಡುವ ಏರ್ಪಾಡು ಮಾಡಿದರು. ಶ್ರಾವಣದ ಒಂದು ದಿನ ಕಮಲಾಪುರದ ಶಾಲೆಯ ಕೋಣೆಯಲ್ಲಿ ಆ ಕೆಲಸ ನಡೆಯಿತು. ಡಾಕ್ಟರೂ ವ್ಯಾನೂ ಹೊರಟರೂ ನೀಲಗಂಗಮ್ಮ ಒಬ್ಬ ಮುದುಕನನ್ನು ಬಿಡದೆ ಪ್ರಶ್ನಿಸುತ್ತ ಉಳಿದಳು. ರಸ್ತೆಗೆ ಬಂದಾಗ ಬಸ್ಸುಗಳು ಬಾಗಿಲಲ್ಲಿ ಜನರನ್ನು ನೇತಾಡಿಸಿಕೊಂಡು ನಿಲ್ಲದೆ ಹೋಗುತ್ತಿದ್ದವು. ಛೋಟಾ ಹಾತಿಯೊಂದು ಬಂದು ಪಕ್ಕಕ್ಕೆ ನಿಂತಿತು. ಕರಿ ಚೌಕಟ್ಟಿನ ಚಸ್ಮಾ ಹೊರಗೆ ಇಣುಕಿತು.

"ಕೂಡ್ರಿ ಅಕ್ಕಾ. ಹೊತ್ತು ಮುಳುಗೂದ್ರಾಗ ಮುಟ್ಟಸ್ತೇನಿ. ನಂಬಿಕಿ ಇದ್ರ."

ನೀಲಗಂಗಮ್ಮ ಗಾಡಿಯ ಸುತ್ತ ಒಂದು ಸುತ್ತು ಬಂದಳು. ಗಾಲಿಗಳನ್ನು ನೋಡಿದಳು. ಬಲಗಡೆಯ ಕನ್ನಡಿಗೆ ಧೂಳು ಹಿಡಿದಿತ್ತು, ಸೆರಗಿನಿಂದ ಒರೆಸಿದಳು. ಆಮೇಲೆ ಹತ್ತಿ ಅವನ ಪಕ್ಕದಲ್ಲಿ ಕೂತಳು.

ಗಾಡಿ ಕಲಬುರಗಿಯ ಕಡೆ ತಿರುಗಿತು. ಇಳಿಯುವ ಸೂರ್ಯ ಬಲಗಡೆಯಿಂದ ಓರೆಯಾಗಿ ಒಳಗೆ ಬಿದ್ದಿದ್ದ. ಹಿಂದೆ ಗೊನೆಗಳ ವಾಸನೆ. ಮುಂದೆ ಒಂದರ ಹಿಂದೆ ಒಂದು ಲಾರಿ. ಅವಳು ಚೀಲವನ್ನು ಎದೆಗವಚಿಕೊಂಡು ರಸ್ತೆಯನ್ನೇ ನೋಡುತ್ತಿದ್ದಳು.

"ನೆರಳು ಅದೇನು?" ಎಂದು ಕೇಳಿದಳು. ಉತ್ತರ ಏನು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಇಡೀ ಸೀಮೆಯ ಉತ್ತರ ಅದೊಂದೇ.

ಅಲ್ಲಾವುದ್ದೀನ್ ಕನ್ನಡಿ ನೋಡಿದ, ಕತ್ತು ತಿರುಗಿಸಿ ಬಲಕ್ಕೆ ನೋಡಿದ, ಮತ್ತೆ ರಸ್ತೆ ನೋಡಿದ.

"ಅದರಿ ಅಕ್ಕಾ. ಈಗ ಬಿಸಿಲು ಅಡ್ಡ ಬಿದ್ದದಲ್ಲ, ಬೆಕ್ಕು ಬಂದು ಕೂತದ. ಸಣ್ಣದು, ಮರಿ. ನಾ ನೋಡ್ತಾನೇ ಇದ್ದೀನಿ."

ನೀಲಗಂಗಮ್ಮ ಚೀಲವನ್ನು ಕಾಲಬಳಿ ಇಟ್ಟಳು. ಬೆನ್ನು ಹಿಂದಕ್ಕೆ ಆನಿಸಿ, ತಲೆಯನ್ನು ಸೀಟಿಗೆ ಒರಗಿಸಿ ಕಣ್ಣು ಮುಚ್ಚಿದಳು.

ಬಲಗಡೆಯಿಂದ ಲಾರಿಯೊಂದು ದೊಡ್ಡದಾಗಿ ಹಾರ್ನ್ ಹೊಡೆಯುತ್ತ ಮುಂದೆ ಹೋಯಿತು. ಅವಳಿಗೆ ನಿದ್ದೆ ಬಂದಿರಲಿಲ್ಲ. ಕಣ್ಣು ಮಾತ್ರ ತೆರೆಯಲಿಲ್ಲ.